ಕೊಂದವನಿಗಾಗಿ ಒಂದು ಉಪವಾಸ

ಹೋದ ಸಂಕಷ್ಟಿಗೆ ನಮ್ಮ ವೈನಿ ನೀರೂ ಕುಡಿಯದೆ ಉಪವಾಸ ಮಾಡಿದರು. ಅಣ್ಣನ ಬಿ.ಪಿ. ಇಳಿಯಲಿ ಅಂತಲ್ಲ. ಮಗನ ಲಗ್ನ ಕೂಡಿ ಬರಲಿ ಅಂತಲೂ ಅಲ್ಲ. ಹೆಂಡತಿಯ ಕತ್ತು ಹಿಸುಕಿ ಜೈಲು ಸೇರಿದ ಒಬ್ಬ ಗಂಡಸಿಗೆ ಮೇಲಿನ ಕೋರ್ಟಿನಲ್ಲಿ ಬಿಡುಗಡೆ ಸಿಗಲಿ ಅಂತ.

ಅವನು ನಮ್ಮ ಸಂಬಂಧಿಯೇ? ಅಲ್ಲ. ಊರವನೇ? ಅದೂ ಅಲ್ಲ. ವೈನಿ ಅವನನ್ನು ಕಣ್ಣಿಂದ ನೋಡಿಲ್ಲ. ಓದಿದ್ದಾರೆ, ಅಷ್ಟೆ.

(ಹೊಸ ಓದುಗರಿಗೊಂದು ಮಾತು. ವೈನಿ ಅಂದರೆ ಅಣ್ಣನ ಹೆಂಡತಿ. ಗಡಿಯಲ್ಲಿರುವ ನಮಗೆ ಅತ್ತಿಗೆ ಅನ್ನುವುದು ಪುಸ್ತಕದ ಪದ. ನಾನು ಚಿಕ್ಕೋಡಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟುಕೊಂಡವಳು. ಈ ಅಂಕಣ ಬರೆಯುವುದು ಗಿರಾಕಿ ಇಲ್ಲದ ಹೊತ್ತಿನಲ್ಲಿ.)

ಅಣ್ಣನ ದ್ರಾಕ್ಷಿ ತೋಟ ಇರುವುದು ಕಾಗವಾಡದ ಆಚೆ. ಹಣ್ಣು ಒಣಗಿ ಮನುಕ ಆದ ಮೇಲೆ ಶೆಡ್‌ನಲ್ಲಿ ತಾಡಪತ್ರಿ ಹಾಸಿ ಹೆಣ್ಣುಮಕ್ಕಳು ಸುತ್ತ ಕೂರುತ್ತಾರೆ. ತೊಟ್ಟು ಬಿಡಿಸುವುದು, ಕಪ್ಪಾಗಿದ್ದನ್ನು ಆರಿಸಿ ಬೇರೆ ಹಾಕುವುದು. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಬೇರೆ ಶೆಡ್‌ಗಳಲ್ಲಿ ಮೊಬೈಲು ಕೂಗುತ್ತದೆ. ನಮ್ಮ ಶೆಡ್‌ನಲ್ಲಿ ವೈನಿ ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿ ಕೂತು ವಾರಪತ್ರಿಕೆ ಓದುತ್ತಾರೆ. ಮೊದಲು ಕನ್ನಡದಲ್ಲಿ, ಆಮೇಲೆ ಮಹಾರಾಷ್ಟ್ರದ ಕಡೆಯಿಂದ ಬಂದವರಿಗಾಗಿ ಮರಾಠಿಯಲ್ಲಿ. ಇದು ನಮ್ಮ ಮನೆಯ ಬಹಳ ವರ್ಷದ ಪದ್ಧತಿ. ಓದು ನಿಂತರೆ ಕೆಲಸವೂ ನಿಧಾನವಾಗುತ್ತದೆ ಅಂತ ಅಣ್ಣ ಗೊಣಗುತ್ತಾನೆ, ಆದರೆ ಪತ್ರಿಕೆ ತಂದುಕೊಡುವವನೂ ಅವನೇ.

ಈ ವರ್ಷದ ಧಾರಾವಾಹಿಯ ಹೆಸರು ‘ಒಳ್ಳೆಯವನೊಬ್ಬನ ಒಂದು ಸಿಟ್ಟು’. ನಿಜವಾಗಿ ನಡೆದ ಕೊಲೆಯ ಕಥೆ. ರಾಯಬಾಗ ಕಡೆಯ ಸುಹಾಸ ಎಂಬ ಗೃಹಸ್ಥ. ಭಜನೆಗೆ ಹಾರ್ಮೋನಿಯಂ ಹಿಡಿದರೆ ಊರೇ ಮೈಮರೆಯುತ್ತಿತ್ತಂತೆ. ಚಿಕ್ಕಂದಿನಲ್ಲೇ ತಾಯಿ ಇಲ್ಲ. ಚಿಕ್ಕಮ್ಮ ಬಡಿಸಿದ ತಣ್ಣನೆಯ ಅನ್ನ. ಕೆಲಸ ಸಿಕ್ಕಿತು, ಲಗ್ನ ಆಯಿತು, ಸಿಕ್ಕ ಹೆಂಡತಿಯ ಬಾಯಿ ಮಾತ್ರ ಜೋರು. ಯಾವಾಗಲೂ ಫೋನಿನಲ್ಲಿ. ಕೇಳಿದರೆ ಉತ್ತರವಿಲ್ಲ. ಒಂದು ದಿನ ಸಿಟ್ಟು. ಅಷ್ಟೆ.

ಈಗ ಅವನು ಜೈಲಿನಲ್ಲಿ ತುಳಸಿಗೆ ನೀರು ಹಾಕುತ್ತಾನೆ. ಗುಬ್ಬಿಗಳಿಗೆ ಅನ್ನ ಇಡುತ್ತಾನೆ. ಮಗಳ ನೆನಪಾದಾಗ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಮಗಳನ್ನು ತೋರಿಸಲು ಅತ್ತೆ ಮಾವ ಒಪ್ಪುವುದಿಲ್ಲ.

ನಾನೂ ಎರಡು ಕಂತು ಓದಿದೆ. ಚೆನ್ನಾಗಿಯೇ ಬರೆದಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ಶೆಡ್‌ನಲ್ಲಿ ಕೇಳಬೇಕಿತ್ತು ನೀವು. ಸುಹಾಸನ ಮಾತು ಬಂದಾಗ ವೈನಿಯ ದನಿ ಇಳಿಯುತ್ತಿತ್ತು, ಕೀರ್ತನಕಾರರ ಹಾಗೆ. ಹೆಂಡತಿಯ ಮಾತಿಗೆ ಕೀಚಲು ದನಿ. ಪತ್ರಿಕೆಯಲ್ಲಿ ‘ಅವಳು ಹೇಳಿದಳು’ ಎಂದಿದ್ದರೆ ಇಲ್ಲಿ ಅವಳು ಕಿರುಚುತ್ತಿದ್ದಳು. ಮನುಕ ಆರಿಸುವ ಕೈಗಳು ನಿಂತು, ‘ಬಿಚಾರಾ, ಪಾಪ!’ ಅನ್ನುವ ಉದ್ಗಾರ ಏಳುತ್ತಿತ್ತು. ಬಿಚಾರಾ ಅಂದದ್ದು ಕೊಂದವನಿಗೆ.

“ವೈನಿ, ಅಂವಾ ಕೊಲಿ ಮಾಡ್ಯಾನ್ರಿ,” ಅಂದೆ ನಾನು.

“ಮಾಡ್ಯಾನ. ಇಲ್ಲಂತ ಯಾರಂದ್ರ? ಆದ್ರ ಯಾಕ ಮಾಡ್ದ ಅನ್ನೂದೂ ನೋಡಬೇಕಲ್ಲಾ, ಸುನಂದಾ.”

“ಯಾಕ ಅಂತ ಯಾರ್ ಹೇಳಿದ್ರು?”

“ಅವನ ಹೇಳ್ಯಾನ. ಜೈಲಿಗೆ ಹೋಗಿ ಮುಂದ ಕುಂತು ಕೇಳಿ ಬರದಾರ. ಸುಮ್ನ ಬರದಿಲ್ಲ.”

ಅದು ನಿಜ. ಬರೆದವರು ಶ್ರಮಪಟ್ಟಿದ್ದಾರೆ. ಜೈಲಿಗೆ ಹಲವು ಸಲ ಹೋಗಿದ್ದಾರೆ, ಅವನ ಗೆಳೆಯರನ್ನು, ಭಜನಾ ಮಂಡಳಿಯವರನ್ನು ಮಾತಾಡಿಸಿದ್ದಾರೆ. ಅವನ ಫೋಟೊ ಹಾಕಿದ್ದಾರೆ, ಹೆಸರೂ ಅವನದೇ. ಅವಳ ಹೆಸರು ಮಾತ್ರ ಬದಲು. ‘ರಾಣಿ’ ಅಂತ. ತವರು ‘ಗಡಿಭಾಗದ ಒಂದು ಹಳ್ಳಿ’. ಅವಳ ಮರ್ಯಾದೆ ಕಾಪಾಡುವುದಕ್ಕಂತೆ. ಬದಲಿ ಹೆಸರಿನ ಅನುಕೂಲ ನೋಡಿ, ಅದಕ್ಕೆ ಏನು ಅಂಟಿಸಿದರೂ ಯಾರೂ ಬಂದು ಕೇಳುವುದಿಲ್ಲ.

ಧಾರಾವಾಹಿಯೊಂದನ್ನೇ ಏಕೆ ದೂರಬೇಕು? ದಿನಪತ್ರಿಕೆ ತೆರೆಯಿರಿ. ‘ಶೀಲ ಶಂಕಿಸಿ ಪತ್ನಿಯ ಕೊಲೆ.’ ನಾವು ಚಹಾ ಕುಡಿಯುತ್ತ ಓದುವ ಸಾಲು. ಕೊಲೆ ಅನ್ನುವ ಪದಕ್ಕೆ ಬರುವ ಮೊದಲೇ ಅವಳ ಶೀಲದ ಬಾಗಿಲು ದಾಟಿ ಬಂದಿರುತ್ತೇವೆ. ಇನ್ನೊಂದಿದೆ, ‘ಕ್ಷುಲ್ಲಕ ಕಾರಣಕ್ಕೆ ಕೊಲೆ’. ಹಾಗಾದರೆ ಕ್ಷುಲ್ಲಕವಲ್ಲದ ಕಾರಣ ಯಾವುದು ಸ್ವಾಮಿ? ಅದಕ್ಕೇನಾದರೂ ರಿಯಾಯಿತಿ ಇದೆಯೇ?

ಇರಲಿ. ಸಂಕಷ್ಟಿಯ ದಿನ ಚಂದ್ರ ಕಂಡಿತು, ವೈನಿ ಸುಹಾಸನ ಹೆಸರು ಹೇಳಿ ಕೈಮುಗಿದು ಊಟ ಮಾಡಿದರು. ಅಣ್ಣ ನಕ್ಕ. ನಾನೂ ನಕ್ಕೆ. ಆಮೇಲೆ ಬಂದ ರವಿವಾರ ನಾವೆಲ್ಲ ಭೋಜ ಅನ್ನುವ ಹಳ್ಳಿಗೆ ಹೋದೆವು, ಅಣ್ಣನ ಮಗ ಪ್ರಶಾಂತನಿಗೆ ಕನ್ಯಾ ನೋಡಲು. ನಗು ಅಲ್ಲಿಗೆ ಮುಗಿಯಿತು.

ಪ್ರಶಾಂತ ಅಥಣಿಯಲ್ಲಿ ಪಶುವೈದ್ಯ. ಮಾತು ಕಮ್ಮಿ. ಎಮ್ಮೆಗಳ ಜೊತೆ ಆಡುವಷ್ಟೂ ಮನುಷ್ಯರ ಜೊತೆ ಆಡುವುದಿಲ್ಲ. ಹುಡುಗಿ ವೈಶಾಲಿ, ನಿಪ್ಪಾಣಿಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಇಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿ ಒಪ್ಪಿದ್ದರು ಅಂತ ನನಗೆ ಗುಮಾನಿ. ಸಂಬಂಧ ತಂದವರು ಹೇಳಿದ್ದು ಇಷ್ಟು: ತಂದೆಗೆ ಕಬ್ಬಿನ ಹೊಲ ಇದೆ, ಮನೆತನ ಸಭ್ಯ, ಅಕ್ಕ ಒಬ್ಬಳಿದ್ದಳು, ತೀರಿಕೊಂಡಿದ್ದಾಳೆ.

ತೀರಿಕೊಂಡಿದ್ದಾಳೆ ಎಂದ ಮೇಲೆ ಹೇಗೆ ಅಂತ ಯಾರು ಕೇಳುತ್ತಾರೆ? ಶುಭಕಾರ್ಯದ ಮಾತಿನಲ್ಲಿ ಅದನ್ನು ಕೆದಕುವ ಪದ್ಧತಿ ನಮ್ಮಲ್ಲಿಲ್ಲ. ನಾವೂ ಕೇಳಲಿಲ್ಲ.

ನನ್ನ ಚೀಲದಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಕುಂಕುಮ. ಹುಡುಗಿ ಮನಸ್ಸಿಗೆ ಬಂದರೆ ಅಲ್ಲೇ ಉಡಿ ತುಂಬಬೇಕಾದವಳು ಹುಡುಗನ ಸೋದರತ್ತೆ, ಅಂದರೆ ನಾನು. ಉಡಿ ತುಂಬಿದರೆ ಮಾತು ಮುಗಿದ ಹಾಗೆ. ವೈನಿ ಕಾರಿನಲ್ಲೇ ಹೇಳಿದ್ದರು, “ನಾ ಕಣ್ಣಾಗ ಸನ್ನಿ ಮಾಡ್ತೇನಿ, ಆಗ ತಗಿ.”

ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದಳು. ತಲೆ ತಗ್ಗಿಸಿ ಕೂರುವ ಜಾತಿಯಲ್ಲ. ಕೇಳಿದ್ದಕ್ಕೆ ನೇರ ಉತ್ತರ. ವೈನಿಗೆ ಖುಷಿಯಾಯಿತು. “ನಮ್ಮ ಪ್ರಶಾಂತಗ ಮಾತಾಡವ್ರ ಬೇಕ ನೋಡ್ರಿ, ಅಂವಾ ಮೂಗಬಸವ,” ಅಂತ ಮಗನ ಮಾನವನ್ನು ತಾವೇ ತೆಗೆದರು. ನನ್ನ ಕಡೆ ನೋಡಿ ಕಣ್ಣಲ್ಲಿ ಸನ್ನೆ ಮಾಡಿದರು. ನಾನು ಚೀಲಕ್ಕೆ ಕೈ ಹಾಕಿದೆ.

ಅಷ್ಟರಲ್ಲಿ ಒಳಗಿನಿಂದ ಒಂದು ಪುಟ್ಟ ಹುಡುಗಿ ಓಡಿ ಬಂದು, “ಮಾವಶಿ,” (ನಮ್ಮ ಕಡೆ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ) ಅಂತ ವೈಶಾಲಿಯ ತೊಡೆ ಏರಿ ಕೂತಳು.

“ಯಾರ ಕೂಸಿದು?” ವೈನಿ ಅಕ್ಕರೆಯಿಂದಲೇ ಕೇಳಿದರು.

“ಮೊಮ್ಮಗಳ್ರಿ. ದೊಡ್ಡಾಕಿ ಮಗಳು,” ಅಂದರು ವೈಶಾಲಿಯ ತಾಯಿ. ದನಿ ಇಳಿದಿತ್ತು.

“ಪಾಪ. ಅವ್ವ ಇಲ್ಲ. ಅಪ್ಪ ಎಲ್ಲಿ ಇರ್ತಾನ?”

ವೈಶಾಲಿ ಕೂಸನ್ನು ಕೆಳಗಿಳಿಸಿ, “ಹಿತ್ತಲದಾಗ ಅಜ್ಜಾ ಕರೀಲಾಕತ್ತಾನ, ಹೋಗು,” ಅಂದಳು. ಅಜ್ಜ ಕರೆಯುತ್ತಿರಲಿಲ್ಲ, ಅಲ್ಲೇ ನಮ್ಮ ಪಕ್ಕದಲ್ಲಿ ಕೂತಿದ್ದರು. ಆದರೂ ಮನುಷ್ಯ ಎದ್ದು ಕೂಸಿನ ಕೈ ಹಿಡಿದು ಹೊರಗೆ ಹೋದರು. ಬಹಳ ಸಲ ಹೀಗೆ ಎದ್ದು ಹೋಗಿರಬೇಕು ಅನ್ನಿಸಿತು ನನಗೆ.

ವೈಶಾಲಿ ಅಂದಳು, “ಅಪ್ಪ ಜೈಲನ್ಯಾಗ ಅದಾನ್ರಿ. ನಮ್ಮ ಅಕ್ಕನ್ನ ಕೊಂದಾಂವ ಅವನ. ಸುಹಾಸ ಅಂತ. ನಿಮಗ ಹೇಳಿಲ್ಲ ಅಂತ ಕಾಣ್ತೈತಿ. ಮುಚ್ಚಿಟ್ಟು ಲಗ್ನ ಮಾಡ್ಕೊಳ್ಳೂದು ನನಗ ಬ್ಯಾಡ. ಇನ್ನೊಂದು, ಆ ಕೂಸು ನನ್ನ ಜೋಡಿ ಬರ್ತಾಳ.”

ನನ್ನ ಕೈ ಚೀಲದಲ್ಲೇ ಉಳಿಯಿತು.

ವೈನಿಯ ಮುಖ ಬಣ್ಣ ಕಳೆದುಕೊಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲ. ಅವರ ಮುಖದಲ್ಲಿ ಕಂಡದ್ದು ಗುರುತು ಹತ್ತಿದ ಬೆಳಕು. ಎಷ್ಟೋ ವಾರದಿಂದ ಓದುತ್ತಿದ್ದ ಕಥೆಯ ಒಳಗೇ ಬಂದು ಕೂತಿದ್ದಾರೆ, ಅವಲಕ್ಕಿ ತಿಂದಿದ್ದಾರೆ! ‘ಗಡಿಭಾಗದ ಒಂದು ಹಳ್ಳಿ’ ಇದೇ. ‘ರಾಣಿ’ ಹುಟ್ಟಿದ ಮನೆ ಇದೇ.

ಮತ್ತು ಕಥೆ ಓದಿದ ಯಾರೇ ಆದರೂ ಕೇಳಬಹುದಾದ ಪ್ರಶ್ನೆಯನ್ನು ಅವರು ಕೇಳಿಯೇಬಿಟ್ಟರು. ಬಹಳ ಮೆತ್ತಗೆ, ಮರುಕದಿಂದ.

“ನಿಮ್ಮ ಅಕ್ಕ... ಯಾವಾಗ್ಲೂ ಫೋನ್‌ನ್ಯಾಗ ಇರ್ತಿದ್ದಳಂತಲ್ಲವಾ?”

ಪ್ರಶಾಂತ ತಲೆ ಎತ್ತಿ ತಾಯಿಯನ್ನು ನೋಡಿದ. ಅಣ್ಣ ಕೆಮ್ಮಿದ.

“ಹೌದ್ರಿ, ಇರ್ತಿದ್ದಳು,” ಅಂದಳು ವೈಶಾಲಿ. “ನನಗ ಮಾಡ್ತಿದ್ದಳು, ಅವ್ವಗ ಮಾಡ್ತಿದ್ದಳು. ಅಂವಾ ಹೊಡದಾಗೊಮ್ಮೆ ಮಾಡ್ತಿದ್ದಳ್ರಿ. ಅಂವಾ ಹೊಡಿಯೂದು ಭಾಳ ಇತ್ತು, ಅದಕ್ಕ ಅಕಿ ಫೋನೂ ಭಾಳ ಇದ್ದುವು.”

ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ವೈನಿ ಓದುವ ಹೆಂಗಸು, ಓದಿದ್ದು ಗಂಟಲಲ್ಲಿ ನಿಲ್ಲುವುದಿಲ್ಲ.

“ಮಗಳ ಮುಖ ಆದ್ರೂ ಒಮ್ಮೆ ತೋರಸಬೇಕಿತ್ರಿ. ಎಷ್ಟಂದ್ರೂ ಹಡದ ಅಪ್ಪ.”

ಈ ಸಲ ತಾಯಿ ಉತ್ತರಿಸಿದರು. “ಕರ್ಕೊಂಡು ಹೋಗಿದ್ವಿರಿ ಒಮ್ಮೆ. ಬಂದ ಮ್ಯಾಲ ಕೂಸು ಮಾತಾಡೂದ ಬಿಟ್ಟಿತ್ತು. ಅಂವಾ ಕೊಂದ ದಿನ ಆ ಮನ್ಯಾಗ ಕೂಸೂ ಇತ್ರಿ.”

ಅದು ಧಾರಾವಾಹಿಯಲ್ಲಿ ಬಂದಿರಲಿಲ್ಲ. ನಾನು ಖಣದ ಮೇಲಿನ ಕೈ ಹಿಂದೆ ತೆಗೆದುಕೊಂಡೆ. ‘ತಿಳಿಸ್ತೇವ್ರಿ’ ಅಂತ ಅಣ್ಣ ಎದ್ದ. ಕನ್ಯಾ ನೋಡಲು ಹೋದ ಮನೆಯಲ್ಲಿ ಆ ಮಾತಿಗೆ ಏನರ್ಥ ಅಂತ ಎರಡೂ ಕಡೆಯವರಿಗೆ ಗೊತ್ತು. ವೈಶಾಲಿ ಬಾಗಿಲವರೆಗೆ ಬಂದು ಕೈಮುಗಿದಳು. ಅವಳ ತಾಯಿ ಬರಲಿಲ್ಲ.

ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಎದುರಿಗೆ ಎರಡೆರಡು ಟ್ರೇಲರು, ಧ್ವನಿವರ್ಧಕದಲ್ಲಿ ಹಾಡು. ಆಗ ವೈನಿ ಅಂದರು, “ಅದ್ರಾಗ ಹಂಗ ಬರದಿದ್ರಲ್ಲಾ. ಸುಳ್ಳ ಬರೀತಾರೇನು?”

“ನಿನಗ ಸುಳ್ಳ ಯಾರ್ ಹೇಳ್ಯಾರ?” ಅಂದ ಅಣ್ಣ. “ಅಕಿ ಫೋನ್‌ನ್ಯಾಗ ಇರ್ತಿದ್ದಳು ಅಂತ ಬರದಾರ. ಇರ್ತಿದ್ದಳು. ಮುಗೀತಲ್ಲ.”

ನಮ್ಮ ಅಣ್ಣ ಬಿ.ಪಿ. ಮಾತ್ರೆ ಮರೆಯುವ ಮನುಷ್ಯ, ಮಾತು ಮರೆಯುವವನಲ್ಲ. ಅವನು ಹೇಳಿದ್ದು ನನ್ನ ತಲೆಯಲ್ಲಿ ಕೂತಿತು. ಆ ಧಾರಾವಾಹಿಯಲ್ಲಿ ಒಂದು ವಾಕ್ಯವೂ ಸುಳ್ಳಿರಲಿಕ್ಕಿಲ್ಲ. ಅವನು ನಿಜಕ್ಕೂ ಹಾರ್ಮೋನಿಯಂ ನುಡಿಸುತ್ತಿದ್ದ. ನಿಜಕ್ಕೂ ತಾಯಿ ಇರಲಿಲ್ಲ. ತುಳಸಿಗೆ ನೀರು ಹಾಕುತ್ತಾನೆ, ಗುಬ್ಬಿಗೆ ಅನ್ನ ಇಡುತ್ತಾನೆ. ಎಲ್ಲ ಖರೆ. ಆದರೆ ಇಷ್ಟೊಂದು ಖರೆ ಮಾತುಗಳನ್ನು ಕೊಟ್ಟವನು ಒಬ್ಬನೇ, ಬದುಕಿ ಉಳಿದವನು. ಸತ್ತವಳನ್ನು ಸಂದರ್ಶಿಸಲು ಯಾವ ಜೈಲಿಗೆ ಹೋಗಬೇಕು?

ಭೋಜದ ಮನೆಗೆ ಬರೆದವರು ಬಂದಿರಲಿಲ್ಲ ಅಂತ ಆಮೇಲೆ ತಿಳಿಯಿತು. ‘ಆ ಕುಟುಂಬದ ನೋವನ್ನು ಕೆದಕಬಾರದು’ ಅನ್ನುವ ಸೌಜನ್ಯ ಇದ್ದಿರಬಹುದು. ಒಳ್ಳೆಯ ಸೌಜನ್ಯ. ಅದರಿಂದ ಕೊಂದವನಿಗೆ ಬಾಲ್ಯ, ಹಾಡು, ಗುಬ್ಬಿ, ಪಶ್ಚಾತ್ತಾಪ ಎಲ್ಲ ಸಿಕ್ಕವು. ಅವಳ ಪಾಲಿಗೆ ಬಂದದ್ದು ಕೊನೆಯ ದಿನ ಮತ್ತು ಒಂದು ಮೊಬೈಲು.

ತಪ್ಪು ತಿಳಿಯಬೇಡಿ. ಕೊಂದವನು ಮನುಷ್ಯನೇ ಅಲ್ಲ, ಗಲ್ಲಿಗೇರಿಸಿ ಅಂತ ಕೂಗುವ ಗುಂಪಿನವಳು ನಾನಲ್ಲ. ಅವನ ಬಾಲ್ಯವನ್ನು ಬರೆಯಬೇಡಿ ಎಂದೂ ಹೇಳುತ್ತಿಲ್ಲ. ಮರುಕ ಕೆಟ್ಟದ್ದಲ್ಲ. ಆದರೆ ಮರುಕಕ್ಕೂ ಒಂದು ವಿಳಾಸ ಬೇಕಾಗುತ್ತದೆ, ಬರೆಯುವವರು ಒಂದೇ ವಿಳಾಸ ಕೊಟ್ಟರೆ ನಾವು ಅಲ್ಲಿಗೇ ಹೋಗುತ್ತೇವೆ. ವೈನಿ ಹೋದದ್ದೂ ಹಾಗೇ. ಅವರು ಕಲ್ಲುಮನಸ್ಸಿನವರಾಗಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಕಲ್ಲುಮನಸ್ಸಿನವರು ಪರರಿಗಾಗಿ ಹಸಿದುಕೊಂಡಿರುವುದಿಲ್ಲ.

ಆ ವಾರ ಶೆಡ್‌ನಲ್ಲಿ ಓದು ನಡೆಯಲಿಲ್ಲ. ಪತ್ರಿಕೆ ಬಂದಿಲ್ಲ ಅಂತ ವೈನಿ ಸುಳ್ಳು ಹೇಳಿದರು. ಹೆಣ್ಣುಮಕ್ಕಳು ಬಿಡಬೇಕಲ್ಲ?

“ಮುಂದ ಏನಾತ್ರಿ ಅಕ್ಕಾರ? ಬಿಟ್ಟರೇನ್ರಿ ಅವನ್ನ?” ಅಂತ ಒಬ್ಬಾಕೆ ಕೇಳಿದಳಂತೆ.

“ಗೊತ್ತಿಲ್ಲ. ಕೆಲಸ ಮಾಡ್ರಿ,” ಅಂದರಂತೆ ವೈನಿ. ಇಡೀ ಶೆಡ್ಡಿಗೆ ಅವನ ಮೇಲೆ ಮರುಕ ಹಂಚಿದವರು ತಾವೇ. ಹಂಚಿದ್ದನ್ನು ವಾಪಸು ಕೇಳುವುದು ಹೇಗೆ? ‘ಅಕಿ ಫೋನು ಯಾರಿಗೆ ಮಾಡ್ತಿದ್ದಳು ಗೊತ್ತೇನ್ರೇ’ ಅಂತ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೆ ಬಂದಿತ್ತು, ಆದರೆ ಹೇಳಲು ಆಗಲಿಲ್ಲ ಅಂತ ನನ್ನೆದುರು ಒಪ್ಪಿಕೊಂಡರು.

ನನ್ನೆದುರು ಅಂದರೆ ನನ್ನ ಅಂಗಡಿಯಲ್ಲಿ. ಅಣ್ಣನ ಮಾತ್ರೆಯ ನೆಪ ಮಾಡಿ ಬಸ್ಸು ಹಿಡಿದು ಬಂದಿದ್ದರು. ಕೌಂಟರಿನ ಒಳಗಡೆ ಸ್ಟೂಲಿನ ಮೇಲೆ ಕೂತು, ಬಹಳ ಹೊತ್ತು ಕೆಮ್ಮಿನ ಔಷಧದ ಬಾಟಲಿಗಳನ್ನು ನೋಡಿದರು.

“ಪ್ರಶಾಂತ ಊಟಾ ಸುದ್ದಾ ಸರಿಯಾಗಿ ಮಾಡವಲ್ಲ,” ಅಂದರು. “ಅವ್ವಾ, ಅದ ಹುಡುಗಿ ಬೇಕು ಅಂತಾನ. ಇಷ್ಟ ಮಾತಾಡ್ಯಾನ ಹುಟ್ಟಿದಾಗಿಂದ.”

“ನಿಮಗ?”

“ಹುಡುಗಿ ಬಂಗಾರದಂಥಾಕಿ. ಆ ಕೂಸೂ ಬರಲಿ. ನಮ್ಮ ಮನ್ಯಾಗೇನು ಒಂದು ತುತ್ತಿಗೆ ಕಡಿಮಿ ಐತಿ? ಮಂದಿ ಏನಾರ ಅನ್ಲಿ.” ಮತ್ತೆ ಸೇರಿಸಿದರು, “ಅಕಿ ಅಕ್ಕಂದೂ ಒಂದೀಟು ತಪ್ಪ ಇದ್ದೀತು. ಇರ್ಲಿ. ಅದನ್ನೆಲ್ಲ ನಾವು ಮನಸಿನ್ಯಾಗ ಇಟ್ಕೊಳ್ಳೂದ ಬ್ಯಾಡ. ದೊಡ್ಡ ಮನಸ ಮಾಡೇವಿ ಅಂತ ಫೋನ್ ಹಚ್ಚಿ ಹೇಳು ನೀ.”

ಕೇಳಿದಿರಾ? ನಾನೂ ಕೇಳಿದೆ. ವೈನಿಗೆ ಮಾತ್ರ ತಾವು ಹೇಳಿದ್ದು ಕೇಳಿಸಲಿಲ್ಲ. ಭೋಜದಿಂದ ಬಂದು, ತಾಯಿಯ ಬಾಯಿಂದ ಕೇಳಿ, ಕಾರಿನಲ್ಲಿ ಗಂಡನಿಂದ ಅನ್ನಿಸಿಕೊಂಡು, ಆದ ಮೇಲೂ ಆ ‘ಒಂದೀಟು ತಪ್ಪ’ ಉಳಿದೇ ಇತ್ತು. ಕಣ್ಣಾರೆ ಕಂಡದ್ದಕ್ಕಿಂತ ಓದಿದ್ದು ಗಟ್ಟಿ.

ನಾನು ವಾದ ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತ ಹೆಂಗಸು ಮಗನಿಗಾಗಿ, ಅಮ್ಮ ಇಲ್ಲದ ಒಂದು ಕೂಸಿಗಾಗಿ ಮನೆಯ ಬಾಗಿಲು ತೆಗೆಯುತ್ತಿದ್ದಳು. ಇದು ಸಣ್ಣ ಮಾತಲ್ಲ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಆದೀತು? ಅವರು ಬಸ್ಸು ಹತ್ತಿದ ಮೇಲೆ ಸಮಾಧಾನದಿಂದಲೇ ವೈಶಾಲಿಗೆ ಫೋನು ಮಾಡಿದೆ. ನಮ್ಮವರು ಒಪ್ಪಿದ್ದಾರೆ, ಕೂಸೂ ನಿನ್ನ ಜೊತೆ ಬರಲಿ ಅಂದಿದ್ದಾರೆ ಎಂದು ಹೇಳಿದೆ. ‘ದೊಡ್ಡ ಮನಸ್ಸು’ ಎಂಬುದನ್ನು ನಾನೇ ಬಿಟ್ಟುಬಿಟ್ಟೆ.

ಆ ಕಡೆ ಲ್ಯಾಬಿನ ಮಷಿನ್ನು ಸದ್ದು ಮಾಡುತ್ತಿತ್ತು.

“ಬ್ಯಾಡ್ರಿ ಮೇಡಂ,” ಅಂದಳು.

“ಯಾಕವಾ? ಪ್ರಶಾಂತ ಮನಸಿಗೆ ಬರಲಿಲ್ಲೇನು?”

“ಅವರ ಮ್ಯಾಲ ನನಗೇನೂ ತಕರಾರಿಲ್ಲರಿ. ನಾನೂ ಆಸೆ ಇಟ್ಕೊಂಡಿದ್ದೆ, ಸುಳ್ಳ ಯಾಕ ಹೇಳ್ಲಿ?” ದನಿ ಒಡೆಯಿತು, ಮತ್ತೆ ಕೂಡಿಸಿಕೊಂಡಳು. “ನಿಮ್ಮ ವೈನಿಯವರೂ ಕೆಟ್ಟವರಲ್ಲ. ಕೆಟ್ಟ ಮನಸಿಂದ ಕೇಳಿದ್ರ ನಾ ಅಲ್ಲೇ ಖಡಕ್ ಉತ್ತರಾ ಕೊಟ್ಟು ಮರತ ಬಿಡ್ತಿದ್ದೆ. ಅವರು ಚಲೋ ಮನಸಿಂದನ ಕೇಳಿದ್ರು. ಅದಕ್ಕ ಅಂಜಿಕಿ ಬಂತ್ರಿ.”

“ಪ್ರಶಾಂತ ಅಂಥಾಂವ ಅಲ್ಲವಾ. ನಾ ಎತ್ತಿ ಆಡಿಸಿದ ಹುಡುಗ.”

“ಇರ್ಲಿಕ್ಕಿಲ್ಲರಿ,” ಅಂದಳು ವೈಶಾಲಿ. “ಆದ್ರೂ ಒಂದು ಹೇಳ್ರಿ ಮೇಡಂ. ನಾಳೆ ಆ ಮನ್ಯಾಗ ಒಂದಿನ ನಾ ಅಳಕೋತ ಕುಂತ್ರ, ನಿಮ್ಮ ವೈನಿಯವರು ‘ಏನಾತವಾ’ ಅಂತ ಕೇಳ್ತಾರೋ, ‘ನೀ ಏನ್ ಮಾಡಿದಿ’ ಅಂತ ಕೇಳ್ತಾರೋ?”